ಹಾಲಸಿದ್ದಪ್ಪ ದೆವ್ವಕ್ಕೆ ಕಣ್ಣು ತೆರೆಸಿದ್ದು

ಬನಹಟ್ಟಿಯ ಹಾಲಸಿದ್ದಪ್ಪನಂಥ ಫೋಟೋಗ್ರಾಫರ್ ಸುತ್ತ ನಾಲ್ಕು ತಾಲೂಕಿನಲ್ಲಿ ಇನ್ನೊಬ್ಬನಿಲ್ಲ. ಇರಲೂಬಾರದು. ಅವನು ತೆಗೆದ ಮದುವೆ ಫೋಟೋ ನೋಡಿ ಗಂಡ ಹೆಂಡತಿ ಇಬ್ಬರೂ ‘ಇವರು ಯಾರ ಬೀಗರು?’ ಎಂದು ಕೇಳಿದ್ದುಂಟು. ಜಮಖಂಡಿಯ ಯಜಮಾನರೊಬ್ಬರು ಅವನು ತೆಗೆದ ಪಾಸ್‌ಪೋರ್ಟ್ ಸೈಜಿನ ಫೋಟೋವನ್ನು ಬ್ಯಾಂಕಿಗೆ ಕೊಟ್ಟ ಮೇಲೆ ಬ್ಯಾಂಕಿನವರು ಅವರನ್ನು ಬಾಗಿಲಲ್ಲೇ ನಿಲ್ಲಿಸಿ, ಖಾತೆದಾರರನ್ನು ಕರೆದುಕೊಂಡು ಬನ್ನಿ ಎಂದರು. ಬೀಳಗಿಯ ಒಂದು ಕೂಸು ತನ್ನ ಜಾವಳದ ಫೋಟೋ ನೋಡಿ ಅಳತೊಡಗಿದ್ದು, ಈಗ ಮೀಸೆ ಬಂದಿದೆ, ಇನ್ನೂ ಆಗಾಗ ಬಿಕ್ಕುತ್ತದೆ.

ಇಂಥವನ ಅನ್ನಕ್ಕೂ ಮೊಬೈಲು ಕಲ್ಲು ಹಾಕಿತು. ಎಲ್ಲರ ಕೈಗೂ ಕ್ಯಾಮರಾ ಬಂತು. ಎಮ್ಮೆ ಕಾಯುವವನು ಎಮ್ಮೆಯ ಫೋಟೋ ತೆಗೆದ. ಎಮ್ಮೆಗೆ ಕೈ ಇದ್ದಿದ್ದರೆ ಅದೂ ಅವನ ಫೋಟೋ ತೆಗೆಯುತ್ತಿತ್ತು, ಹಾಲಸಿದ್ದಪ್ಪನಿಗಿಂತ ಛಲೋ ತೆಗೆಯುತ್ತಿತ್ತು. ತಮ್ಮ ಫೋಟೋ ತಾವೇ ತೆಗೆದುಕೊಳ್ಳಲು ಆಗದ ಒಂದೇ ಬಗೆಯ ಗಿರಾಕಿಗಳು ಅವನ ಪಾಲಿಗೆ ಉಳಿದರು. ಅವರು ಸತ್ತವರು.

ನಮ್ಮ ಕಡೆ ಶಿವಭಕ್ತರ ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸುತ್ತಾರೆ. ವಿಭೂತಿ ಹಚ್ಚಿ, ರುಮಾಲು ಸುತ್ತಿ, ಹಾರ ಹಾಕಿ, ಸುತ್ತ ಮನೆಮಂದಿ ಕುಳಿತು ಒಂದು ಫೋಟೋ ತೆಗೆಸುತ್ತಾರೆ. ಜೀವವಿದ್ದಾಗ ಮನೆಯಲ್ಲಿ ಒಂದು ಗಳಿಗೆ ಕೂರದಿದ್ದ ಮನುಷ್ಯ ಅಂದು ಹಾಲಸಿದ್ದಪ್ಪ ಹೇಳಿದ ಹಾಗೆ ಕೂರುತ್ತಾನೆ. ಇವನ ಜನ್ಮದಲ್ಲಿ ಅಲುಗಾಡದ ಫೋಟೋ ಬಂದಿದ್ದರೆ ಇವೇ. ಅವುಗಳಲ್ಲೂ ಕೆಲವು ಅಲುಗಾಡಿವೆ, ಆದರೆ ಅದು ಹೆಣದ ತಪ್ಪಲ್ಲ.

ತೊಡಕು ಏನೆಂದರೆ ಸತ್ತವರ ಕಣ್ಣು ಮುಚ್ಚಿರುತ್ತವೆ. ಗೋಡೆಗೆ ಹಾಕುವ ಫೋಟೋದಲ್ಲಿ ಅವು ತೆರೆದಿರಬೇಕು, ಇಲ್ಲದಿದ್ದರೆ ಸೊಸೆಯಂದಿರು ಅಂಜುವುದಿಲ್ಲ. ಅದಕ್ಕೆ ಹಾಲಸಿದ್ದಪ್ಪ ಕಂಪ್ಯೂಟರಿನಲ್ಲಿ ಕಣ್ಣು ತೆರೆಸುವ ವಿದ್ಯೆ ಕಲಿತ. ಬೇರೆಯವರ ಕಣ್ಣು ಕತ್ತರಿಸಿ ಹೆಣದ ಮುಖಕ್ಕೆ ಅಂಟಿಸುವುದು, ಅಷ್ಟೇ ವಿದ್ಯೆ. ಆಗ ಅವನ ಹೆಂಡತಿ ಗಂಗಾಂಬಿಕಾಳ ತಮ್ಮ, ರನ್ನ ಬೆಳಗಲಿಯ ಮಹಾಲಿಂಗಪ್ಪ, ಒಂದು ಪಾಸ್‌ಪೋರ್ಟ್ ಫೋಟೋ ತೆಗೆಸಿಕೊಂಡು ಹೋಗಿದ್ದ. ಫ್ಲ್ಯಾಶು ಮೂಗಿನ ಹತ್ತಿರವೇ ಹೊತ್ತಿದ್ದರಿಂದ ಅವನ ಕಣ್ಣು ಬಾವಿಗೆ ಬಿದ್ದ ಎಮ್ಮೆಯ ಕಣ್ಣಿನಂತೆ ಅರಳಿದ್ದವು. ಎರಡೂ ಸ್ವಚ್ಛವಾಗಿ ಬಿದ್ದಿದ್ದವು. ಹಾಲಸಿದ್ದಪ್ಪ ಅವನ್ನೇ ಹಿಡಿದುಕೊಂಡ. ಬೇರೆ ಕಣ್ಣು ಸಿಗುತ್ತಿರಲಿಲ್ಲವೇ? ಹುಡುಕಿದರೆ ಸಿಗುತ್ತಿದ್ದವು, ಆದರೆ ಹುಡುಕುವುದು ಕೆಲಸ. ಗಂಡಸರಿಗೆ ಅವೇ ಕಣ್ಣು, ಹೆಂಗಸರಿಗೆ ಅವಕ್ಕೇ ಒಂದಿಷ್ಟು ಕಾಡಿಗೆ.

ಹೀಗೆ ಹುನ್ನೂರಿನಿಂದ ಮುಧೋಳದ ತನಕ ಗೋಡೆ ಗೋಡೆಯ ಮೇಲೆ ಕುಳಿತ ಹಿರಿಯರೆಲ್ಲ, ಬೆಳಗಲಿಯಲ್ಲಿ ಜೀವಂತವಿದ್ದು ರೊಟ್ಟಿ ಪುಂಡಿಪಲ್ಯ ಉಣ್ಣುತ್ತಿದ್ದ ಒಬ್ಬನ ಕಣ್ಣಿನಿಂದ ತಮ್ಮ ವಂಶವನ್ನು ನೋಡತೊಡಗಿದರು. ಯಾರಿಗೂ ಗೊತ್ತಾಗಲಿಲ್ಲ. ನಮ್ಮಲ್ಲಿ ಪಕ್ಕದ ಮನೆಯ ಹೊಸ ಫ್ರಿಜ್ಜನ್ನು ಕಣ್ಣಿಟ್ಟು ನೋಡುತ್ತಾರೆಯೇ ಹೊರತು ಪಕ್ಕದ ಮನೆಯ ಅಜ್ಜನನ್ನಲ್ಲ.

ಗೊತ್ತಿದ್ದವಳು ಗಂಗಾಂಬಿಕಾ ಒಬ್ಬಳೇ.

‘ನನ್ನ ತಮ್ಮನ ಕಣ್ಣ ಊರ ಮಂದಿಗೆಲ್ಲಾ ಹಚ್ಚಾಕತ್ತೀರಿ. ಅಂವಗ ಒಂದ ಮಾತ ಕೇಳೀರೇನು?’

‘ಅಂವನ ಕಣ್ಣ ಅಂವನ ಕಡೇನ ಅದಾವಲ್ಲ. ನಾ ಏನ ಕಿತ್ಕೊಂಡ ಬಂದೇನೇನು?’

‘ಇದಕ್ಕ ಮೋಸ ಅಂತಾರ್ರಿ.’

‘ಇದಕ್ಕ ಫಿನಿಶಿಂಗ್ ಅಂತಾರ,’ ಎಂದ ಹಾಲಸಿದ್ದಪ್ಪ.

ಇಷ್ಟಕ್ಕೆ ನಿಂತಿದ್ದರೆ ಅವನನ್ನು ಬರೀ ಸೋಮಾರಿ ಎಂದು ಬಿಡಬಹುದಿತ್ತು. ಅವನು ಸಂಶೋಧಕನೂ ಆದ.

ರಬಕವಿ ಬನಹಟ್ಟಿಯ ಗಾಳಿಯಲ್ಲಿ ಗಾಳಿಗಿಂತ ನೂಲಿನ ಧೂಳೇ ಹೆಚ್ಚು. ಇಲ್ಲಿ ಒಬ್ಬ ಜೋರಾಗಿ ಸೀನಿದರೆ ಎದುರಿನವನಿಗೆ ಒಂದು ಕರವಸ್ತ್ರ ಸಿಗುತ್ತದೆ. ಇಬ್ಬರು ಎದುರುಬದುರು ನಿಂತು ಸೀನಿದರೆ ಹಾಸು ಹೊಕ್ಕು ಕೂಡಿ ಟವೆಲ್ಲೇ ಬೀಳುತ್ತದೆ. ಇಂಥ ಊರಿನಲ್ಲಿ ಮಗ್ಗದ ಶೆಡ್ಡಿನೊಳಗೆ ಫ್ಲ್ಯಾಶು ಹೊಡೆದರೆ ಫೋಟೋದ ತುಂಬ ಬಿಳಿ ಬಿಳಿ ಚುಕ್ಕೆ ಬೀಳುತ್ತವೆ. ಇದು ತೊಟ್ಟಿಲ ಕೂಸಿಗೂ ಗೊತ್ತು. ಆದರೆ ಹಾಲಸಿದ್ದಪ್ಪ ಮೊಬೈಲಿನಲ್ಲಿ ಯಾರೋ ಪರದೇಶದವರು ಪಾಳುಮನೆಗಳಲ್ಲಿ ದೆವ್ವದ ಫೋಟೋ ತೆಗೆಯುವುದನ್ನು ನೋಡಿದ್ದ. ಅವರ ಫೋಟೋದಲ್ಲೂ ಇಂಥವೇ ಚುಕ್ಕೆಗಳಿದ್ದವು. ಮುಗಿಯಿತು. ಮೂವತ್ತು ವರ್ಷ ತಾನು ಧೂಳು ಎಂದುಕೊಂಡದ್ದೆಲ್ಲ ಆತ್ಮಗಳು ಎಂದು ಅವನಿಗೆ ಜ್ಞಾನೋದಯವಾಯಿತು. ಬೆಳ್ಳಗಿದ್ದರೆ ಶಾಂತ ಆತ್ಮ, ಹಳದಿ ಇದ್ದರೆ ಅತೃಪ್ತ ಆತ್ಮ ಎಂದು ವಿಂಗಡಿಸಿದ. ಬಣ್ಣದ ಸೀರೆ ನೇಯುವ ಶೆಡ್ಡುಗಳಲ್ಲಿ ಹಸಿರು, ಕೆಂಪು, ಗುಲಾಬಿ ಆತ್ಮಗಳು ಸಿಕ್ಕಾಗ ಗಡ್ಡ ಕೆರೆದುಕೊಂಡು, ‘ಇವು ಮುತ್ತೈದಿ ಸತ್ತವರು’ ಎಂದ.

ನಮ್ಮ ಮಾತಿನಲ್ಲಿ ಬೀಸುವುದೂ ಗಾಳಿ, ಮೈಮೇಲೆ ಬರುವುದೂ ಗಾಳಿ. ಅಂಗಡಿಗೆ ‘ಇಲ್ಲಿ ಗಾಳಿಯನ್ನು ಪರೀಕ್ಷಿಸಿ ಕೊಡಲಾಗುವುದು’ ಎಂದು ಬೋರ್ಡು ಬರೆಸಿದ. ಮೊದಲ ವಾರ ಸೈಕಲ್ಲು ತಳ್ಳಿಕೊಂಡು ಬಂದವರೇ ಹೆಚ್ಚು. ಆಮೇಲೆ ಖರೆ ಗಿರಾಕಿಗಳು ಬಂದರು. ಮನೆ ಬಾಡಿಗೆ ಹಿಡಿಯುವವರು ನೀರು ಬರುತ್ತದೆಯೇ ಎಂದು ಕೇಳುವುದು ಬಿಟ್ಟು, ‘ಹಾಲಸಿದ್ದಪ್ಪನ ಫೋಟೋ ಐತೇನ್ರಿ?’ ಎನ್ನತೊಡಗಿದರು. ಇಷ್ಟೆಲ್ಲ ಫೋಟೋಗಳನ್ನೂ ಅವನು ತೆಗೆಯುತ್ತಿದ್ದದ್ದು ಮಟಮಟ ಮಧ್ಯಾಹ್ನ. ಆ ಹೊತ್ತಿನಲ್ಲೇ ದೆವ್ವಗಳ ಸಂಚಾರ ಹೆಚ್ಚು ಎಂದು ಹೇಳುತ್ತಿದ್ದ. ಕತ್ತಲಾದ ಮೇಲೆ ಬಚ್ಚಲಿಗೆ ಹೋಗಲೂ ಹೆಂಡತಿಯನ್ನು ಎಬ್ಬಿಸುವವನು ಬೇರೆ ಏನು ಹೇಳಿಯಾನು?

ಹೀಗಿರುವಾಗ ರಬಕವಿಯ ಗುರುಬಸವ್ವನ ಶೆಡ್ಡಿನ ಸುದ್ದಿ ಬಂತು.

ಗುರುಬಸವ್ವನ ಗಂಡ ಈಶ್ವರ ತೀರಿಕೊಂಡು ಎರಡು ದೀಪಾವಳಿ ಕಳೆದಿದ್ದವು. ಅವನ ನಾಲ್ಕು ಮಗ್ಗಗಳಿದ್ದ ಶೆಡ್ಡಿಗೆ ಅಂದು ಬಿದ್ದ ಬೀಗ ಹಾಗೇ ಇತ್ತು. ಅವಳು ಮಂದಿಯ ಪಡಸಾಲೆಯಲ್ಲಿ ಕುಳಿತು ಮಂದಿಯ ನೂಲು ಸುತ್ತಿ ದಿನ ನೂಕುತ್ತಿದ್ದಳು. ಈಗ ಹೆದರಿಕೆ ಬಿಟ್ಟು, ನೇಯುವವರನ್ನು ಗೊತ್ತುಮಾಡಿ, ಮಗ್ಗಗಳನ್ನು ಮತ್ತೆ ಓಡಿಸಲು ಹೊರಟಿದ್ದಳು. ಇದಾದರೆ ತನ್ನ ಮನೆಯಲ್ಲಿ ತಾನು. ಆಗದಿದ್ದರೆ ಮತ್ತೆ ಮಂದಿಯ ಪಡಸಾಲೆ, ಸಾಯುವ ತನಕ.

ಅವಳ ಗಂಡನ ಅಣ್ಣ ಗಿರಿಮಲ್ಲಪ್ಪ ಅರಿವೆ ವ್ಯಾಪಾರಿ. ಅವನ ಬಟ್ಟೆಯ ಗಂಟುಗಳಿಗೆ ಗೋದಾಮು ಸಾಲದೆ ಮಲಗುವ ಕೋಣೆಗೂ ಬಂದು, ಗಂಟು ಮಂಚದ ಮೇಲೆ ಮಲಗಿ ಅವನು ನೆಲದ ಮೇಲೆ ಮಲಗುವ ಹಾಗಾಗಿತ್ತು. ತಮ್ಮನ ಶೆಡ್ಡಿನ ಮೇಲೆ ಅವನಿಗೆ ಕಣ್ಣು. ಬಾಯಿಬಿಟ್ಟು ಕೇಳಿದರೆ ಮಂದಿ ಉಗುಳುತ್ತಾರೆ. ಅದಕ್ಕೆ ಬೇರೆ ದಾರಿ ಹಿಡಿದ.

‘ಮಗ್ಗಾ ಚಾಲೂ ಮಾಡಾಕ ನಂದೇನ ತಕರಾರ ಇಲ್ಲಬೇ ಗುರುಬಸವ್ವಾ,’ ಎಂದ. ‘ಆದ್ರ ಶೆಡ್ಡಿನ್ಯಾಗ ಏನೋ ಐತಿ ಅಂತಾರ ಮಂದಿ.’

‘ಏನೈತಂತ್ರಿ ಭಾವಾರ?’

‘ಅದ... ಗಾಳಿ.’

‘ಗಾಳಿ ಎಲ್ಲಿಂದ ಬರಬೇಕ್ರಿ, ಅದಕ್ಕ ಕಿಡಕೀನ ಇಲ್ಲ. ನಾನ ಎರಡ ಕಿಡಕಿ ಇಡಸಬೇಕಂತ ಮಾಡೇನಿ.’

ಗಿರಿಮಲ್ಲಪ್ಪ ನಗಲಿಲ್ಲ. ಮರುದಿನ ಮಧ್ಯಾಹ್ನ ಹಾಲಸಿದ್ದಪ್ಪನನ್ನು ಮೋಟರ್ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಂದ.

ಬೀಗ ತೆಗೆದರೆ ಒಳಗೆ ಕತ್ತಲು. ಮಾಡಿನ ತೊಲೆಯಿಂದ ಜೇಡರ ಬಲೆ ಇಳಿಬಿದ್ದಿತ್ತು. ಅದಕ್ಕೆ ನೂಲಿನ ಧೂಳು ಮೆತ್ತಿ ಮೆತ್ತಿ ಮೊಳದುದ್ದ ಬೆಳ್ಳನೆಯ ಗಡ್ಡದ ಹಾಗಾಗಿತ್ತು. ಹಾಲಸಿದ್ದಪ್ಪ ಹೊಸ್ತಿಲ ಹೊರಗೇ ನಿಂತು, ಕ್ಯಾಮರಾ ಹಿಡಿದ ಕೈಯನ್ನು ಮಾತ್ರ ಒಳಗೆ ಕಳಿಸಿ, ತಾನು ಕಣ್ಣು ಮುಚ್ಚಿಕೊಂಡು ಫ್ಲ್ಯಾಶು ಹೊಡೆದ. ಹೊಡೆದವನೇ ಮೋಟರ್ ಸೈಕಲ್ಲಿನ ಹತ್ತಿರ ಹೋಗಿ ನಿಂತ.

ಅಂಗಡಿಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಬೆಳ್ಳನೆಯ ಗಡ್ಡ, ಮೇಲೆ ರುಮಾಲಿನಂಥ ಒಂದು ಗಂಟು. ನಡುವೆ ಮುಖ ಇರಬೇಕಾದ ಕಡೆ ಏನೂ ಇಲ್ಲ. ಇಷ್ಟು ವರ್ಷ ಕಣ್ಣಿಲ್ಲದ ಮುಖ ಕಂಡಲ್ಲೆಲ್ಲ ಕಣ್ಣು ಹಚ್ಚಿದ ಕೈ ಅದು. ಯಾರ ಅಪ್ಪಣೆಗೂ ಕಾಯಲಿಲ್ಲ. ತಾನೇ ಹೋಗಿ ಮಹಾಲಿಂಗಪ್ಪನ ಎರಡು ಕಣ್ಣು ತಂದು ಬಲೆಯ ಗಡ್ಡದ ಮೇಲೆ ಕೂರಿಸಿತು. ಇದರಲ್ಲಿ ಹಾಲಸಿದ್ದಪ್ಪನಿಗೆ ಒಂದಿಷ್ಟೂ ಅಳುಕಿಲ್ಲ. ದೆವ್ವ ಇದ್ದದ್ದು ಖರೆ, ಕಣ್ಣು ಮಾತ್ರ ಸರಿಯಾಗಿ ಬಿದ್ದಿರಲಿಲ್ಲ, ಅವನ್ನು ತೆರೆಸಿದೆ, ಇಷ್ಟೇ ಎಂದುಕೊಂಡ. ಮೋಸ ಮಾಡುವವನಿಗೆ ತಾನು ಮಾಡುತ್ತಿರುವುದು ಏನೆಂದಾದರೂ ಗೊತ್ತಿರುತ್ತದೆ. ಇವನಿಗೆ ಆ ಬುದ್ಧಿಯೂ ಇರಲಿಲ್ಲ.

ಗಿರಿಮಲ್ಲಪ್ಪ ಆ ಫೋಟೋವನ್ನು ತನ್ನ ಮೊಬೈಲಿನಲ್ಲಿದ್ದ ವಾಟ್ಸ್ಆ್ಯಪ್ ಗುಂಪುಗಳಿಗೆಲ್ಲ ಕಳಿಸಿದ. ಸಂಜೆಯೊಳಗೆ ಅದು ಸೇತುವೆಯ ಹಂಗಿಲ್ಲದೆ ಕೃಷ್ಣೆಯನ್ನೂ ಘಟಪ್ರಭೆಯನ್ನೂ ದಾಟಿತು. ನೇಯಲು ಬರುತ್ತೇವೆ ಎಂದಿದ್ದವರಲ್ಲಿ ಒಬ್ಬನಿಗೆ ಜ್ವರ ಬಂತು, ಒಬ್ಬನ ಸೊಂಟ ಹಿಡಿಯಿತು, ಇನ್ನೊಬ್ಬ ತನಗೆ ನೇಯಲು ಬರುವುದೇ ಇಲ್ಲ ಎಂದು ಹೇಳಿ ಕಳಿಸಿದ. ಅವನ ಮುತ್ತಜ್ಜನ ಕಾಲದಿಂದ ಆ ಮನೆಯಲ್ಲಿ ಬೇರೆ ಕಸುಬಿಲ್ಲ.

ಗುರುಬಸವ್ವ ಶೆಡ್ಡಿನ ಕಟ್ಟೆಯ ಮೇಲೆ ಕುಳಿತಿದ್ದಳು. ಆಚೆ ಮನೆಯ ಯಲ್ಲಕ್ಕ ಮೊಬೈಲು ಹಿಡಿದುಕೊಂಡು ಓಡಿಬಂದಳು.

‘ಬೇ ಗುರುಬಸವ್ವಾ, ಇಂವ ನಮ್ಮ ಮಾವ.’

‘ಯಾರ?’

‘ನಿನ್ನ ದೆವ್ವ. ಇವ ಕಣ್ಣ. ದಿನಾ ಎದರಿಗೆ ನಿಂತು ಊದಿನಕಡ್ಡಿ ಹಚ್ಚಾಕಿ ನಾನು, ನಂಗ ಗೊತ್ತಾಗೂದಿಲ್ಲೇನ? ಇರೂತನಾ ಹಿಂಗ ನೋಡ್ತಿದ್ದ, ನಾ ತುಪ್ಪ ನೀಡೂವಾಗ.’

ಇರುವ ತನಕ ಅವಳ ಮಾವನಿಗೆ ಒಂದು ಕಣ್ಣು ಪೂರ್ತಿ ಕಾಣುತ್ತಿರಲಿಲ್ಲ, ಅದು ಮುಚ್ಚಿಯೇ ಇರುತ್ತಿತ್ತು. ಆದರೆ ಗೋಡೆಯ ಮೇಲಿನ ಮಾವ ಬಂದ ಮೇಲೆ ನೆಲದ ಮೇಲೆ ಓಡಾಡಿದ ಮಾವನನ್ನು ಯಾರು ನೆನಪಿಡುತ್ತಾರೆ?

ಯಲ್ಲಕ್ಕನ ಮಾತು ಹಬ್ಬಿದ್ದೇ ತಡ, ಎಲ್ಲರೂ ತಮ್ಮ ತಮ್ಮ ಗೋಡೆಯ ಮುಂದೆ ಮೊಬೈಲು ಹಿಡಿದು ನೋಡಿದರು. ಎಲ್ಲ ಕಡೆಯೂ ಅವೇ ಕಣ್ಣು. ಹುನ್ನೂರಿನವರು ಅಜ್ಜನ ಫೋಟೋವನ್ನು ಗೋಡೆಯಿಂದ ಇಳಿಸಿ ಟಂಟಂ ಗಾಡಿಯಲ್ಲಿ ಹಾಕಿಕೊಂಡು ಬಂದರು. ಮುಧೋಳದವರು ಬಂದರು. ಬೀಳಗಿಯ ಒಬ್ಬರು ಅಜ್ಜಿಯ ಫೋಟೋ ತಂದು, ಗಡ್ಡ ಹೇಗೆ ಬಂತೋ ಗೊತ್ತಿಲ್ಲ, ಆದರೆ ಅಜ್ಜಿ ಇವಳೇ ಎಂದರು. ಸತ್ತವರಿಗೆ ಪ್ರೀತಿಯೆಂದು ಹೋಳಿಗೆ, ಎಲೆ ಅಡಿಕೆ, ಬೀಡಿ ತಂದು ಶೆಡ್ಡಿನ ಬಾಗಿಲಿಗೆ ಇಟ್ಟರು. ಫ್ರೇಮುಗಳನ್ನು ಸಾಲಾಗಿ ಒರಗಿಸಿದಾಗ ಎಲ್ಲ ಹಿರಿಯರೂ ಒಂದೇ ಜೋಡಿ ಕಣ್ಣಿನಿಂದ ಎದುರಿನ ಗಟಾರವನ್ನು ನೋಡುತ್ತಿದ್ದರು. ಕತ್ತೆಗಾದರೂ ಸಂಶಯ ಬರಬೇಕು. ನಮ್ಮ ಮಂದಿಗೆ ಬಂದದ್ದು ಬೇರೆ ವಿಚಾರ.

‘ನಿಮ್ಮಜ್ಜಂದು ನಮ್ಮಜ್ಜಂದು ಕಣ್ಣ ಒಂದ ಅದಾವಲ್ರಿ. ಎಲ್ಲೋ ಸಂಬಂಧ ಇರಬೇಕು,’ ಎಂದ ಹುನ್ನೂರಿನವರಲ್ಲಿ ಒಬ್ಬ.

‘ಇದ್ದ ಇರತೈತ್ರಿ. ನಮ್ಮಜ್ಜನ ತಾಯಿ ತವರಮನಿ ಆ ಕಡೇದ,’ ಎಂದರು ಮುಧೋಳದವರು. ಕುಳಿತಲ್ಲೇ ಬೀಗತನ ಹಚ್ಚಿ, ಅತ್ತೆ ಮಾವ ಎಂದು ಕರೆಯತೊಡಗಿದರು.

ಗಿರಿಮಲ್ಲಪ್ಪನಿಗೆ ಇದು ಬೇಕಿರಲಿಲ್ಲ. ದೆವ್ವಕ್ಕೆ ಮಂದಿ ಅಂಜಬೇಕಿತ್ತು, ಹೋಳಿಗೆ ತರಬಾರದಿತ್ತು. ಊರ ಹಿರಿಯರನ್ನೆಲ್ಲ ಶೆಡ್ಡಿನ ಮುಂದೆ ಕೂಡಿಸಿ, ಹಾಲಸಿದ್ದಪ್ಪನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಹೇಳಿದ:

‘ಶೆಡ್ಡ ನಮ್ಮದು, ಅಂದ್ರ ದೆವ್ವಾನೂ ನಮ್ಮದ. ಇಂವ ನಮ್ಮ ಅಪ್ಪ. ಮಗ್ಗಾ ಚಾಲೂ ಮಾಡಬ್ಯಾಡ್ರಿ ಅಂತ ಹೇಳಾಕ ಬಂದಾನ. ಅದು ಬಂದ್ ಇರಲಿ. ನನ್ನ ಮಾಲ ನಾಕ ದಿನ ಇಡತೇನಿ, ದೀಪಾ ಹಚ್ಚತೇನಿ.’

‘ನಮ್ಮ ಮಾವ ಹಂಗ ಅಂದಿಲ್ಲ ನೋಡ್ರಿ,’ ಎಂದಳು ಯಲ್ಲಕ್ಕ.

‘ಭಾವಾರ,’ ಎಂದಳು ಗುರುಬಸವ್ವ, ‘ನಿಮ್ಮಪ್ಪಾರು ನನಗೂ ಮಾವನ. ಮಗ್ಗದ ಮ್ಯಾಲ ಜಲ್ಮಾ ತಗದವರು. ಅವರು ಬಂದ್ ಮಾಡ್ರಿ ಅಂದ್ರಂದ್ರ ನನ್ನ ಎದರಿಗೆ ಅನ್ಲಿ. ಅಂದ್ರ, ಕೀಲಿ ನಿಮ್ಮ ಕೈಯಾಗ ಕೊಡತೇನಿ.’

ಗಿರಿಮಲ್ಲಪ್ಪನ ಮುಖ ಅರಳಿತು. ದೆವ್ವದ ಬಾಯಿಯನ್ನೂ ಫಿನಿಶಿಂಗ್ ಮಾಡಿಸಬಹುದು ಎಂದು ಲೆಕ್ಕ ಹಾಕಿರಬೇಕು, ಹಾಲಸಿದ್ದಪ್ಪನ ಕಡೆ ನೋಡಿದ.

ಅಷ್ಟರಲ್ಲಿ ಬಂದವನು ಮಹಾಲಿಂಗಪ್ಪ.

ಆ ಫೋಟೋ ಬೆಳಗಲಿಯ ಚಹಾದಂಗಡಿಗೂ ಹೋಗಿ, ಗೆಳೆಯರು ‘ಲೇ ಮಾಲಿಂಗಾ, ನೀ ಯಾವಾಗ ಸತ್ತೀಲೇ?’ ಎಂದು ಕೇಳಿ, ಅವನಿಗೆ ಚಹಾ ಸಹ ಕೊಡಿಸದೆ ದೂರ ಸರಿದಿದ್ದರು. ಸಿಟ್ಟಿನಿಂದ ಬಸ್ಸು ಹತ್ತಿ ಅಕ್ಕನ ಮನೆಗೆ ಬಂದ. ಗಂಗಾಂಬಿಕಾ, ‘ರಬಕವ್ಯಾಗ ಅದಾರ ಹೋಗು, ನಿನ್ನ ಕಣ್ಣ ಜಾತ್ರಿ ಮಾಡಾಕತ್ತಾರ’ ಎಂದು ದಾರಿ ತೋರಿಸಿದಳು. ಅಲ್ಲಿಂದ ಬಿಸಿಲಲ್ಲಿ ನಡೆದು ಬಂದವನು ಸಭೆಯ ನಡುವೆ ನಿಂತು, ಆ ಎರಡು ಕಣ್ಣುಗಳನ್ನು ಎಷ್ಟು ತೆರೆಯಲು ಬರುತ್ತದೋ ಅಷ್ಟೂ ತೆರೆದು, ಹಾಲಸಿದ್ದಪ್ಪನಿಗೆ ಹೇಳಿದ:

‘ನನ್ನ ಕಣ್ಣ ನನಗ ಕೊಡ್ರಿ.’

ಯಲ್ಲಕ್ಕ ಹೋಗಿ ಅವನ ಕಾಲ ಮೇಲೆ ಬಿದ್ದಳು.

‘ಮಾವಾರ, ನಾ ಒಂದಿನಾನೂ ಊದಿನಕಡ್ಡಿ ತಪ್ಪಿಸಿಲ್ರಿ. ನಿನ್ನಿ ಅಷ್ಟ ಕಡ್ಡಿಪೆಟ್ಟಿಗಿ ತೊಯ್ದಿತ್ತು.’

‘ಯಾರ ಮಾವಬೇ? ಕಾಲ ಬಿಡ.’

‘ದನಿನೂ ಅದ,’ ಎಂದಳು ಯಲ್ಲಕ್ಕ ಎದ್ದು.

ಗಿರಿಮಲ್ಲಪ್ಪ ಧಡಕ್ಕನೆ ಎದ್ದ. ‘ಏ, ನಿಮಗೇನ ತಲಿ ಐತೋ ಇಲ್ಲೋ? ಇಂವ ಹಾಲಸಿದ್ದಪ್ಪನ ಹೆಂಡತಿ ತಮ್ಮ. ಬೆಳಗಲಿಯಂವ.’

‘ಮೈ ಬೆಳಗಲೀದು, ಒಪ್ಪಿದ್ವಿ,’ ಎಂದ ಹುನ್ನೂರಿನವನು. ‘ಕಣ್ಣ ಯಾರದು? ಅದನ್ನ ಹೇಳು.’

ಗುರುಬಸವ್ವ ಮಹಾಲಿಂಗಪ್ಪನನ್ನು ನೋಡಿದಳು, ಸಾಲು ಫ್ರೇಮುಗಳನ್ನು ನೋಡಿದಳು, ಹಾಲಸಿದ್ದಪ್ಪನ ಬೆವರುವ ಹಣೆಯನ್ನು ನೋಡಿದಳು. ಮನೆಯೊಳಗೆ ಹೋಗಿ ಒಂದು ತಂಬಿಗೆ ನೀರು ತಂದು ಮಹಾಲಿಂಗಪ್ಪನ ಕೈಗೆ ಕೊಟ್ಟು, ಎಲ್ಲರಿಗೂ ಕೇಳುವ ಹಾಗೆ ಅಂದಳು:

‘ಬಿಸಲಾಗ ಬಂದೀರಿ. ಒಂದ ಮಾತ ಹೇಳ್ರಿ. ನಾ ಮಗ್ಗಾ ಚಾಲೂ ಮಾಡ್ಲ್ಯೋ, ಬ್ಯಾಡೋ?’

ಮಹಾಲಿಂಗಪ್ಪ ಗಟಗಟ ನೀರು ಕುಡಿದ. ‘ನಿನ್ನ ಮಗ್ಗಾ, ನೀ ಚಾಲೂ ಮಾಡವಾ. ನನ್ನ ಯಾಕ ಕೇಳ್ತಿ? ಮದ್ಲ ಒಂದ ರೊಟ್ಟಿ ಇದ್ರ ಕೊಡು. ಮುಂಜಾನಿಂದ ಹೊಟ್ಟ್ಯಾಗ ಏನೂ ಇಲ್ಲ.’

‘ಚಾಲೂ ಮಾಡಂತ ಹಿರ್ಯಾನ ಹೇಳಿದ್ನಲ್ಲ,’ ಎಂದು ಸಭೆ ಗುಜುಗುಜು ಅಂದಿತು. ‘ಉಪವಾಸ ಅದಾನಂತ. ಅದಕ್ಕ ಬಂದಾನ.’ ಬಾಗಿಲಲ್ಲಿ ಇದ್ದ ಹೋಳಿಗೆಗಳೆಲ್ಲ ಅವನ ಮುಂದೆ ಬಂದವು. ಅವನು ಯಾವುದನ್ನೂ ಬೇಡ ಎನ್ನಲಿಲ್ಲ.

ಗಿರಿಮಲ್ಲಪ್ಪ ಹಾಲಸಿದ್ದಪ್ಪನ ರಟ್ಟೆ ಹಿಡಿದ. ‘ಲೇ, ಖರೆ ಹೇಳು ಮಂದಿಗೆ. ಆ ಕಣ್ಣ ಯಾರವು? ನೀನ ಹಚ್ಚಿದಿ ಹೌದಲ್ಲೋ?’

‘ಹೇಳ್ರಿ ಅಣ್ಣಾರ,’ ಎಂದಳು ಗುರುಬಸವ್ವ ತಣ್ಣಗೆ. ‘ನೀವ ಹಚ್ಚಿದ್ದಾದ್ರ ಶೆಡ್ಡಿನ್ಯಾಗ ದೆವ್ವಾನ ಇಲ್ಲ, ನಾ ಮಗ್ಗಾ ಚಾಲೂ ಮಾಡತೇನಿ. ಹಚ್ಚಿಲ್ಲಾದ್ರ ದೆವ್ವಾನ ಚಾಲೂ ಮಾಡಂದೈತಿ. ಖರೆ ಹೇಳ್ರಿ, ಸುಳ್ಳ ಹೇಳ್ರಿ, ನನಗ ಎರಡೂ ನಡೀತಾವ.’

ಖರೆ ಹೇಳಿದರೂ ಸುಳ್ಳು ಹೇಳಿದರೂ ಬೇರೆಯವರಿಗೆ ಕೆಡುಕಾಗದ ಇಂಥ ಗಳಿಗೆ ಹಾಲಸಿದ್ದಪ್ಪನ ಬಾಳಿನಲ್ಲಿ ಹಿಂದೆ ಬಂದಿರಲಿಲ್ಲ. ಅವನ ಬಾಯಿಂದ ಖರೆಯೇ ಬಿತ್ತು.

‘ಕಣ್ಣ... ನನ್ನ ಹೆಂಡತಿ ತಮ್ಮಂದ್ರಿ. ನಾನ ಹಚ್ಚೇನಿ.’

ಹುನ್ನೂರಿನವನು ಅಜ್ಜನ ಫ್ರೇಮನ್ನು ಎತ್ತಿಕೊಂಡು ಎದ್ದು ನಿಂತ. ‘ಹಂಗಾರ ನಮ್ಮ ಮನಿ ಗ್ವಾಡಿ ಮ್ಯಾಲ ಇಷ್ಟ ವರ್ಷ ಕುಂತು ನೋಡಾವ ಯಾರಲೇ?’

ಅವನ ಹಿಂದೆ ಮುಧೋಳದವರು ಎದ್ದರು. ಬೀಳಗಿಯವರು ಅಜ್ಜಿಯ ಫ್ರೇಮನ್ನು ಎರಡೂ ಕೈಯಿಂದ ಎತ್ತಿ ಹಿಡಿದರು. ಅದು ಸಾಗುವಾನಿಯ ಫ್ರೇಮು, ಮೂಲೆಗೆ ಹಿತ್ತಾಳೆಯ ಪಟ್ಟಿ. ಹಾಲಸಿದ್ದಪ್ಪ ಅದರ ತೂಕವನ್ನು ಒಂದು ಕ್ಷಣ ಅಂದಾಜು ಮಾಡಿದ.

‘ಅಂವ ನಿಮ್ಮಜ್ಜನ್ರಿ,’ ಎಂದ. ‘ನಿಮ್ಮಜ್ಜನ ಕಣ್ಣ ನಮ್ಮ ಮಾಲಿಂಗಪ್ಪಗ ಬಂದಾವ. ನಾ ಅಂದದ್ದು ಅದನ್ನ.’

ಖರೆ ಇಷ್ಟು ಬೇಗ ಸತ್ತದ್ದನ್ನು ನಾಲ್ಕು ತಾಲೂಕಿನಲ್ಲಿ ಯಾರೂ ನೋಡಿರಲಿಕ್ಕಿಲ್ಲ. ಎಲ್ಲರಿಗೂ ಸಮಾಧಾನವಾಯಿತು. ಫ್ರೇಮುಗಳು ಕೆಳಗಿಳಿದವು. ಗಿರಿಮಲ್ಲಪ್ಪ ಇನ್ನೂ ಏನೋ ಹೇಳುತ್ತಿದ್ದ, ಅವನ ಕಡೆ ಯಾರೂ ತಿರುಗಲಿಲ್ಲ. ಸೊಂಟ ಹಿಡಿದಿದ್ದವನು ಎಲ್ಲರಿಗಿಂತ ಮೊದಲು ನೆಟ್ಟಗೆ ಎದ್ದು, ‘ನಮ್ಮ ಹಿರ್ಯಾನ ಶೆಡ್ಡಿಗೆ ಬರಾಕ ನನಗೇನ ಅಂಜಿಕಿ?’ ಎಂದ. ಜ್ವರದವನು ಅವನನ್ನು ಹಿಂದಕ್ಕೆ ಎಳೆದು ಬಾಗಿಲ ಹತ್ತಿರದ ಮಗ್ಗ ತನ್ನದು ಎಂದ. ನೇಯಲು ಬರುವುದಿಲ್ಲ ಎಂದಿದ್ದವನು ಅಷ್ಟರೊಳಗೆ ಒಳಗಿದ್ದ.

ಗುರುಬಸವ್ವ ಸೀರೆಯ ಸೆರಗು ಸಿಕ್ಕಿಸಿ, ಕಸಬರಿಗೆ ತಂದು ಮಗ್ಗಗಳ ಮೇಲಿನ ಧೂಳು ಹೊಡೆದಳು. ಕರೆಂಟು ಇತ್ತು. ಸ್ವಿಚ್ಚು ಹಾಕಿದಾಗ ಮೊದಲ ಮಗ್ಗ ಮುನಿದ ಎತ್ತಿನ ಹಾಗೆ ಎರಡು ಸಲ ಮುಕ್ಕರಿಸಿ ಆಮೇಲೆ ಹೊರಟಿತು. ಲಾಳಿ ಓಡಿತು. ಖಟಖಟ ಸದ್ದಿಗೆ ಹೊರಗೆ ಕುಳಿತವರ ಮಾತು ಮುಚ್ಚಿಹೋಯಿತು, ಬರೀ ಬಾಯಿಗಳು ಆಡುತ್ತಿದ್ದವು.

ಹಾಲಸಿದ್ದಪ್ಪ ಬೆವರು ಒರೆಸಿಕೊಂಡು ಒಳಗೆ ಬಂದ. ತೆರೆದ ಬಾಗಿಲಿನ ಬೆಳಕಿನಲ್ಲಿ ನೂಲಿನ ಧೂಳು ಕುಣಿಯುತ್ತಿತ್ತು. ಅದನ್ನು ನೋಡಿ ಅವನ ಮುಖಕ್ಕೆ ಮತ್ತೆ ಕಳೆ ಬಂತು. ಕ್ಯಾಮರಾ ಎತ್ತಿ, ಒಂದು ಕಣ್ಣು ಮುಚ್ಚಿ, ಗುರುಬಸವ್ವನಿಗೆ ಸ್ವಲ್ಪ ಸರಿದು ನಿಲ್ಲಲು ಕೈಸನ್ನೆ ಮಾಡಿದ.

ಮಗ್ಗದ ಶೆಡ್ಡಿನಲ್ಲಿ ಮಾತು ಕೇಳುವುದಿಲ್ಲ, ಎಲ್ಲರೂ ಕೈಯಲ್ಲೇ ಮಾತಾಡುತ್ತಾರೆ. ಗುರುಬಸವ್ವನೂ ಕೈಯಲ್ಲೇ ಆಡಿದಳು. ಧೂಳು ಹತ್ತಿದ ಅಂಗೈಯನ್ನು ಕ್ಯಾಮರಾದ ಕಣ್ಣಿನ ಮೇಲೆ ಇಟ್ಟು, ಇನ್ನೊಂದು ಕೈಯಿಂದ ಅವನಿಗೆ ಬಾಗಿಲು ತೋರಿಸಿದಳು.